ಮುಚನೇತಾಳ ಅಡುಗೆಮನೆ ಬಾಗಿಲು

ಮುಚನೇತಾಳ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಬೈಗುಳದ ಜೊತೆಗೇ. ರಾಗಿ ಬಡಿಯುವ ಕಾಲ. ಊರ ಹಿಂದಿನ ಹಾಸುಬಂಡೆಯ ಮೇಲೆ ನಾವು ಹೆಂಗಸರೆಲ್ಲ ಸೇರಿ ತೆನೆ ಬಡಿಯುತ್ತಿದ್ದೆವು. ನನ್ನ ಹಿರಿಮಗಳು ನ್ಯಾರಾಯಿ ಆಗ ಬೆನ್ನ ಮೇಲಿನ ಕೂಸು. ಅಷ್ಟರಲ್ಲಿ ಕೆರೇಸಿಯಾ ತಲೆವಸ್ತ್ರವನ್ನು ಕೈಯಲ್ಲಿ ಹಿಡಿದುಕೊಂಡು ಏದುಸಿರು ಬಿಡುತ್ತ ಬಂಡೆ ಹತ್ತಿ ಬಂದಳು. ನದಿ ದಡದ ಮಾವುರಾನ ತಂಗಿ ಅವಳು. ಸೊಸೆಯರೆಲ್ಲ ಅವಳನ್ನು ‘ತೇತೆ’ ಎಂದು ಕರೆಯಬೇಕು. ನಮ್ಮಲ್ಲಿ ಗಂಡನ ಅಕ್ಕತಂಗಿಯರ ಮಾತಿಗೆ ಎದುರು ಮಾತಿಲ್ಲ.

“ಕೇಳಿದ್ರೇನ್ರೇ? ನಮ್ಮಣ್ಣ ತಂದಿರೋ ಹೊಸ ಹೆಣ್ಣು, ಆ ಮುಚನೇತಾ, ಯಾರದ್ದೋ ಹೆಣಾನ ಅಡುಗೆಮನೇಲಿ ಮಲಗಿಸ್ಕೊಂಡಿದಾಳೆ!”

“ಯಾರ ಹೆಣ ತೇತೆ?”

“ಅದು ಗೊತ್ತಿದ್ದಿದ್ರೆ ನಾನ್ಯಾಕೆ ಹಿಂಗೆ ಓಡಿ ಬರ್ತಿದ್ದೆ? ಬಸ್ಸಿನ ಮೇಲಿಂದ ಇಳಿಸಿದ ಹೆಣ!”

ನಡೆದದ್ದು ಇಷ್ಟು. ಹಿಂದಿನ ಸಂಜೆ ಗಣಿ ಕಡೆಯಿಂದ ಬಂದ ಬಸ್ಸು ನಮ್ಮ ನದಿಯ ಮರಳಲ್ಲಿ ಹೂತುಹೋಗಿತ್ತು. ಬಸ್ಸಿನ ಮೇಲೆ ಒಂದು ಶವದ ಪೆಟ್ಟಿಗೆ. ಅದರ ಜೊತೆಗೊಬ್ಬ ಹೆಂಗಸು, ಗಂಡನನ್ನು ಅವನ ಊರಿಗೆ ಒಯ್ಯುತ್ತಿದ್ದವಳು. ನಮ್ಮಲ್ಲಿ ಸತ್ತವರು ಕೊನೆಯ ರಾತ್ರಿಯನ್ನು ಅಡುಗೆಮನೆಯಲ್ಲೇ ಕಳೆಯಬೇಕು, ಮಡಕೆ ಜೋಡಿಸುವ ಕಟ್ಟೆಯ ಮುಂದೆ. ಆದರೆ ಅದು ಆ ಮನೆಯವರಿಗೆ ಮಾತ್ರ. ಪರರ ಹೆಣವನ್ನು ಒಳಗೆ ಬಿಟ್ಟುಕೊಂಡರೆ ಅದರ ನೆರಳು ದಾರಿ ತಿಳಿಯದೆ ಅಲ್ಲೇ ಕೂತುಬಿಡುತ್ತದೆ ಎಂದು ಭಯ. ಆ ಹೆಂಗಸು ನದಿ ದಡದ ಮನೆಗಳ ಬಾಗಿಲನ್ನೆಲ್ಲ ತಟ್ಟಿದಳಂತೆ. ಹೆಣವನ್ನು ನೋಡಿ ಬಾಗಿಲುಗಳು ಮುಚ್ಚಿಕೊಂಡವು. ಮುಚನೇತಾಳದ್ದು ತೆರೆಯಿತು. ಮದುವೆಯಾಗಿ ಬಂದು ಅತ್ತೆ ಕೈಯಿಂದ ಒಲೆಗಲ್ಲು ಪಡೆದು ತನ್ನದೇ ಒಲೆ ಹೂಡಿ ತಿಂಗಳೂ ತುಂಬಿರಲಿಲ್ಲ, ಅವಳ ಮಾಡಿಗೆ ಇನ್ನೂ ಸರಿಯಾಗಿ ಹೊಗೆ ಹಿಡಿದಿರಲಿಲ್ಲ. ತವರಿನಿಂದ ತಂದ ಹೊಸ ಚಾಪೆ ಹಾಸಿ ಆ ಹೆಣವನ್ನು ಮಲಗಿಸಿ, ಗುರುತು ಪರಿಚಯವಿಲ್ಲದ ಆ ವಿಧವೆಯ ಪಕ್ಕ ಕೂತು, ಹೆಸರೂ ಗೊತ್ತಿಲ್ಲದ ಗಂಡಸಿಗಾಗಿ ಅತ್ತಿದ್ದಳು.

ನಮ್ಮ ಮನೆ ಗುಡ್ಡದ ಆಚೆ ಪಕ್ಕ. ಸುದ್ದಿ ನಮಗೆ ಬಂದದ್ದೇ ಕೆರೇಸಿಯಾಳ ಬಾಯಿಂದ. ಅವಳು ನಮ್ಮನ್ನು ಹುಡುಕಿಕೊಂಡು ಬರಲು ಕಾರಣವಿತ್ತು. ಮಾವುರಾನ ಮನೆಗೆ ನಮ್ಮದು ಸಹ್ವೀರಾ ಮನೆ, ಅಂದರೆ ತಲೆತಲಾಂತರದ ಗೆಳೆತನದ ಮನೆ. ಅವರ ಮನೆಯಲ್ಲಿ ಸಾವಾದರೆ ಗುಂಡಿ ತೋಡುವವರು, ಹೆಣಕ್ಕೆ ನೀರು ಹಾಕುವವರು ನಾವು. ಅಳುವವರ ನಡುವೆ ನಿಂತು ಸತ್ತವರನ್ನು ಅಣಕಿಸಿ ನಗಿಸುವವರೂ ನಾವೇ. ಸ್ವಂತದವರು ಆಡಲಾಗದ ಮಾತನ್ನು ನಾವು ಮುಖಕ್ಕೆ ಹೊಡೆದ ಹಾಗೆ ಆಡಬಹುದು, ಯಾರೂ ಸಿಟ್ಟಾಗುವಂತಿಲ್ಲ. ಹೊಸ ಸೊಸೆಗೆ ನನ್ನ ಗಂಡ ಬಂದು ಬೈಯಲಿ ಎಂಬುದು ಕೆರೇಸಿಯಾಳ ಆಸೆ.

ನಾವು ಹೋದಾಗ ಹೆಣ ಹೊರಟುಹೋಗಿತ್ತು. ಮೊಣಕಾಲೂರಿ ನೆಲಕ್ಕೆ ಸಗಣಿ ಸಾರಿಸುತ್ತಿದ್ದ ಸಣಕಲು ಹುಡುಗಿಯೊಬ್ಬಳು ಕಂಡಳು. ನನ್ನ ಗಂಡ ಬೈಯಲಿಲ್ಲ. ಹೊಸ್ತಿಲ ಮುಂದೆ ಅಂಗಾತ ಮಲಗಿ, ಕೈ ಎದೆ ಮೇಲಿಟ್ಟುಕೊಂಡು, “ಅಮ್ಮಾ ತಾಯಿ, ನಾನೂ ಸತ್ತೋಗಿದೀನಿ. ಒಳಗೆ ಜಾಗ ಇದ್ಯಾ?” ಎಂದ.

ಅವಳು ತಲೆಯೆತ್ತದೆ, “ಜಾಗ ಇದೆ. ನೆಲ ಒಣಗೋ ತನಕ ಅಲ್ಲೇ ಸತ್ತಿರಿ,” ಎಂದಳು.

ಅಂಗಳವೆಲ್ಲ ನಕ್ಕಿತು. ಕೆರೇಸಿಯಾ ಮಾತ್ರ ಆ ಸಾರಿಸಿದ ನೆಲದ ಅಂಚಿಗೇ ಉಗಿದಳು. “ನಗ್ರಿ, ನಗ್ರಿ. ಈ ಒಲೆ ಮುಂದೆ ಕೂಸು ಅತ್ತಾಗ ಹೇಳಿ ಕಳ್ಸಿ, ನಾನೂ ಬಂದು ನಗ್ತೀನಿ.”

ಆ ಉಗುಳನ್ನು ಮುಚನೇತಾ ಸಗಣಿಯ ಕೈಯಿಂದಲೇ ಒರೆಸಿದಳು. ಈ ಊರಿನವರನ್ನು ಕಂಡು ನನಗೆ ಹೇಸಿಗೆಯಾದದ್ದು ಅದೇ ಮೊದಲು, ಕೊನೆಯದಲ್ಲ.

ಕೂಸು ಅಳಲಿಲ್ಲ. ವರ್ಷಗಳು ಉರುಳಿದವು, ಅಳಲಿಲ್ಲ. ಬೇರು ಕಾಯಿಸಿ ಕುಡಿದಳು, ಮಿಷನ್ ಆಸ್ಪತ್ರೆಗೆ ನಡೆದುಹೋದಳು, ಏನೂ ಆಗಲಿಲ್ಲ. ಗಣಿ ಕೆಲಸಕ್ಕಿದ್ದ ಮಾವುರಾ ವರ್ಷಕ್ಕೊಮ್ಮೆ ಕೆಮ್ಮುತ್ತ ಬರುತ್ತಿದ್ದ, ಕೆಮ್ಮುತ್ತಲೇ ಹೋಗುತ್ತಿದ್ದ. ಕೊರತೆ ಅವನದ್ದೂ ಇರಬಹುದು ಎಂದು ಒಬ್ಬರೂ ಬಾಯಿಬಿಡಲಿಲ್ಲ. ಅಪರಿಚಿತ ಹೆಣದ ನೆರಳು ಅವಳ ಬಸಿರಿನ ಬಾಗಿಲಲ್ಲಿ ಕೂತಿದೆ ಎಂದು ತೀರ್ಮಾನವಾಯಿತು. ಒಂದು ವರ್ಷ ಅವನೂ ಪೆಟ್ಟಿಗೆಯಲ್ಲೇ ಬಂದ. ಅವಳು ಅದೇ ಅಡುಗೆಮನೆಯಲ್ಲಿ ವಿಧವೆಯಾದಳು.

ನಮ್ಮಲ್ಲಿ ಹೆತ್ತ ಹೆಂಗಸನ್ನು ಯಾರೂ ಬರಿ ಹೆಸರಿನಿಂದ ಕರೆಯುವುದಿಲ್ಲ. ಚೊಚ್ಚಲ ಮಗುವಿನ ಹೆಸರು ಹಿಡಿದು ‘ಮಾಯಿ’ ಎನ್ನುತ್ತಾರೆ. ನಾನು ಮಾಯಿ ನ್ಯಾರಾಯಿ, ನ್ಯಾರಾಯಿಯ ಅಮ್ಮ. ಮುಚನೇತಾಳನ್ನು ಏನೆಂದು ಕರೆಯುವುದು? ಕೆರೇಸಿಯಾ ಒಂದು ಹೆಸರು ಹುಡುಕಿಕೊಟ್ಟಳು. ನೀರಿನ ಹತ್ತಿರ, ಹತ್ತು ಜನರೆದುರಿಗೆ, “ದಾರಿ ಬಿಡ್ರೇ, ಮಾಯಿ ಇಲಿ ಬಂದ್ಲು,” ಎಂದಳು.

ಹೆರದೆ ಸತ್ತವಳನ್ನು ಹೂಳುವ ಮುಂಚೆ, ಕೂಸು ಕಟ್ಟಿಕೊಳ್ಳಬೇಕಾದ ಬೆನ್ನಿಗೆ ಒಂದು ಸತ್ತ ಇಲಿ ಕಟ್ಟುವುದು ನಮ್ಮ ಹಿಂದಿನವರ ಪದ್ಧತಿ. ನಿನ್ನ ಪಾಲಿನ ಮಗು ಇದೇ, ಇದನ್ನು ಹೊತ್ತುಕೊಂಡು ಹೋಗು, ಮಕ್ಕಳು ಬೇಕೆಂದು ತಿರುಗಿ ಬಂದು ಕಾಡಬೇಡ ಎಂದು ಅದರ ಅರ್ಥ. ಎಷ್ಟೋ ಮನೆಗಳವರು ಬಿಟ್ಟಿದ್ದಾರೆ. ಮಾವುರಾನ ಮನೆಯವರು ಬಿಟ್ಟಿರಲಿಲ್ಲ. ಕೆರೇಸಿಯಾ ಭಾನುವಾರ ಚರ್ಚಿನ ಬಿಳಿ ಟೋಪಿ ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಹಾಡುತ್ತಿದ್ದಳು, ಸೋಮವಾರ ಇಲಿಯ ಮಾತಾಡುತ್ತಿದ್ದಳು. ಎರಡೂ ಒಂದೇ ಬಾಯಿ.

ಆಮೇಲೆ ಆ ರೋಗದ ವರ್ಷಗಳು ಬಂದವು. ಹೆಸರು ಹೇಳಲು ಹೆದರಿ ಎಲ್ಲರೂ ‘ಆ ರೋಗ’ ಎನ್ನುತ್ತಿದ್ದೆವು. ಹರಾರೆಯಿಂದ, ಗಣಿಗಳಿಂದ ವಯಸ್ಸಿನ ಹುಡುಗ ಹುಡುಗಿಯರು ಮೂಳೆಯಾಗಿ ಊರಿಗೆ ಬಂದರು, ಸಾಯುವುದಕ್ಕೆ. ಹೆತ್ತವರೇ ಮೂಗು ಮುಚ್ಚಿಕೊಂಡು ಅಂಗಳದಲ್ಲಿ ನಿಲ್ಲುತ್ತಿದ್ದರು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಅನ್ನದ ತಟ್ಟೆಯನ್ನು ಕಾಲಿನಿಂದ ಒಳಗೆ ನೂಕಿದ ತಾಯಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಗ ಎಲ್ಲರಿಗೂ ನೆನಪಾದದ್ದು ಹೆಣಕ್ಕೆ ಬಾಗಿಲು ತೆರೆದಿದ್ದ ಹುಚ್ಚಿ. “ಮುಚನೇತಾ ಹತ್ರ ಬಿಡಿ. ಅವಳಿಗೆ ಅಭ್ಯಾಸ ಇದೆ.” ಗಾಡಿಯಲ್ಲಿ ತಂದು ಅವಳ ಅಂಗಳದಲ್ಲಿ ಇಳಿಸಿ, ತಿರುಗಿ ನೋಡದೆ ಹೋಗುತ್ತಿದ್ದರು, ಕಸ ಸುರಿದು ಹೋದ ಹಾಗೆ.

ಅವಳು ತೊಳೆದಳು. ಬರಿಗೈಯಲ್ಲಿ ತೊಳೆದಳು. ಆ ವಾಸನೆ ನನಗೆ ಈಗಲೂ ನೆನಪಿದೆ, ಬರೆಯಲಾರೆ. ಅದಕ್ಕಿಂತ ಹೆಚ್ಚು ಗಬ್ಬು ನಾರಿದ್ದು ಬೇಲಿಯ ಆಚೆ ನಿಂತು “ದೇವರು ನಿನಗೆ ಒಳ್ಳೇದ್ ಮಾಡ್ಲಿ ಕಣಮ್ಮ,” ಎಂದು ಕೂಗುತ್ತಿದ್ದವರ ಬಾಯಿ.

ಇದನ್ನು ಓದಿ ಅವಳು ದೇವತೆ ಎಂದುಕೊಳ್ಳಬೇಡಿ. ಬಾಯಿ ಹೊಲಸು. ನಶ್ಯ ಏರಿಸಿ ಎಲ್ಲಿ ಬೇಕೆಂದರಲ್ಲಿ ಸೀನುತ್ತಿದ್ದಳು. ತನ್ನದನ್ನಷ್ಟೇ ಅಲ್ಲ, ಪರರದ್ದನ್ನೂ ದಾನ ಮಾಡುತ್ತಿದ್ದಳು. ಒಂದು ಚಳಿಗಾಲ ನನ್ನ ದಪ್ಪ ಕಂಬಳಿಯನ್ನು ಎರವಲು ಒಯ್ದಳು. ಕೇಳಲು ಹೋದರೆ ಅದು ಯಾವನೋ ಮುದುಕನ ಮೈಮೇಲಿತ್ತು.

“ನನ್ನ ಕಂಬಳಿ ಕೊಡೇ ಸಹ್ವೀರಾ!”

“ಅದಕ್ಕೆ ಮದುವೆ ಆಗಿಹೋಯ್ತು ಕಣೇ. ಗಂಡನ ಮನೇಲಿ ಚೆನ್ನಾಗಿದೆ. ಈಗ ಎಳ್ಕೊಂಡು ಬಂದ್ರೆ ಜನ ಏನಂತಾರೆ?”

ಅವಳೊಡನೆ ಜಗಳವಾಡುವುದೂ ಕಷ್ಟ. ನಾನು ನಕ್ಕುಬಿಡುತ್ತಿದ್ದೆ, ಮನೆಗೆ ಬಂದು ಚಳಿಯಲ್ಲಿ ನಡುಗುತ್ತ ಬೈಯುತ್ತಿದ್ದೆ.

ಮಾವುರಾನಿಗೆ ಇಬ್ಬರು ತಮ್ಮಂದಿರು. ಚಿಕ್ಕವನೂ ಅವನ ಹೆಂಡತಿಯೂ ಅದೇ ರೋಗದಲ್ಲಿ ಹೋದರು, ಮುಚನೇತಾಳ ಕೈಯಲ್ಲೇ. ಸತ್ತವರ ಬಟ್ಟೆಬರೆಯನ್ನು ನೆಂಟರಿಗೆ ಹಂಚುವ ದಿನ ಎಲ್ಲರೂ ಚಾಪೆಯ ಸುತ್ತ ನೆರೆದರು. ಬದುಕಿರುವಾಗ ಅತ್ತ ಸುಳಿಯದವರೆಲ್ಲ ಬಂದಿದ್ದರು. ನಡುವಿನ ತಮ್ಮ ತಪೇರಾ ಕೋಟು ತೆಗೆದುಕೊಂಡ, ನೇಗಿಲೂ ತನಗೇ ಇರಲಿ ಎಂದ. ಕೆರೇಸಿಯಾ ಕಂಬಳಿಗಳನ್ನು ಮಡಿಸಿ ಕಂಕುಳಿಗಿಟ್ಟುಕೊಂಡಳು. ಯಾರೋ ಒಬ್ಬಳು ಬಾಣಲೆಯ ತಳ ತಟ್ಟಿ ತೂತಿದೆಯೇ ಎಂದು ನೋಡಿದಳು. ಥೂ! ತೂತು ಹುಡುಕುತ್ತಿದ್ದ ಅವಳ ಬೆರಳು ಈಗಲೂ ಕಣ್ಣಿಗೆ ಕಟ್ಟಿದೆ. ಚಾಪೆ ಖಾಲಿಯಾದಾಗ ಅದರ ತುದಿಯಲ್ಲಿ ಉಳಿದದ್ದು ಆ ದಂಪತಿಯ ಮಗಳು ರವಿರೋ, ಹಾಲುಹಲ್ಲು ಬಿದ್ದ ಹುಡುಗಿ.

“ಇವಳನ್ನ ಯಾರು...” ಎಂದು ಯಾರೋ ಶುರುಮಾಡಿದರು.

ತಪೇರಾ ಕೋಟಿನ ಜೇಬಿನೊಳಗೆ ಕೈಹಾಕಿ ಏನೋ ಹುಡುಕುತ್ತಿದ್ದ. ಕೆರೇಸಿಯಾಗೆ ಮೊಣಕಾಲು ನೋವು ಬಂತು.

ಮುಚನೇತಾ ಎದ್ದು, “ಎಲ್ರದ್ದೂ ಆಯ್ತಲ್ಲ? ಮಿಕ್ಕಿದ್ದು ನನಗೆ,” ಎಂದು ಹುಡುಗಿಯನ್ನು ಬೆನ್ನಿಗೇರಿಸಿಕೊಂಡಳು. ಬೆನ್ನಿನ ಮಗುವಾಗುವ ವಯಸ್ಸಲ್ಲ ಅದರದ್ದು, ಕಾಲು ನೆಲಕ್ಕೆ ತಾಗುವಂತಿತ್ತು.

ಹಾಗೆ ಒಂದೊಂದೇ ಚಾಪೆಯಿಂದ ಮಿಕ್ಕ ಮಕ್ಕಳೆಲ್ಲ ಅವಳ ಅಡುಗೆಮನೆ ಸೇರಿದರು. ಅವಳು ಬೀರು ಕುಡಿಯುವ ಕೂಟಗಳಿಗೆ ನುಗ್ಗಿ, “ಗಂಟಲಿಗಿಳಿಸೋಕೆ ಮುಂಚೆ ಮನೆಗೆ ಹೋಗಿ ಒಂದೊಂದು ಬೊಗಸೆ ರಾಗಿ ತಂದ್ಹಾಕ್ರೋ, ಹೊಟ್ಟೆಬಾಕರಾ!” ಎಂದು ವಸೂಲಿ ಮಾಡುತ್ತಿದ್ದಳು. ಬೆಳಗಾದರೆ ದೊಡ್ಡ ಮಡಕೆಯಲ್ಲಿ ಗಂಜಿ, ಕಡಲೆಕಾಯಿ ಅರೆದು ಹಾಕಿದ್ದು. ಶಾಲೆಗೆ ಹೋಗುವ ತಬ್ಬಲಿ ಮಕ್ಕಳು ಕುಡಿದು ಹೋಗಲಿ ಎಂದು. ನೋಡುತ್ತ ನೋಡುತ್ತ ಸಾಲು ಬೆಳೆಯಿತು. ಕಣಜ ತುಂಬಿದವರೂ ತಮ್ಮ ಮಕ್ಕಳ ಕೈಗೆ ಲೋಟ ಕೊಟ್ಟು ಕಳಿಸಿದರು. ಕೆರೇಸಿಯಾಳ ಮೊಮ್ಮಕ್ಕಳೂ ಅದರಲ್ಲಿದ್ದರು.

“ಅವಕ್ಕೂ ಹಾಕ್ತೀಯಲ್ಲ, ನಿನಗೆ ಮಾನ ಇಲ್ವಾ?” ಎಂದು ನಾನು ಕೇಳಿದೆ.

“ಲೋಟ ಹಿಡಿದಿರೋದು ಮಕ್ಕಳು ಕಣೇ. ಕೆರೇಸಿಯಾನೇ ಲೋಟ ತಗೊಂಡು ಬರ್ಲಿ, ಸೌಟಲ್ಲಿ ತಲೆ ಮೇಲೆ ಹಾಕ್ತೀನಿ.”

ರವಿರೋ ದೊಡ್ಡವಳಾದಳು. ಮಸ್ವಿಂಗೋ ಪಟ್ಟಣದ ಒಬ್ಬ ಒಳ್ಳೆಯ ಹುಡುಗ ಕೇಳಿ ಬಂದ. ಹೆಣ್ಣಿನ ಕಡೆಗೆ ದನ ಕೊಡುವ ದಿನ, ಅಪ್ಪನ ಜಾಗದಲ್ಲಿ ಚಾಪೆಯ ಮೇಲೆ ಕೂತವನು ಯಾರು? ತಪೇರಾ. ಅಷ್ಟು ವರ್ಷ ಆ ಹುಡುಗಿಗೆ ಒಂದು ಜೊತೆ ಚಪ್ಪಲಿ ಕೊಡಿಸದವನು, ಸತ್ತ ತಮ್ಮನ ಅದೇ ಕೋಟು ತೊಟ್ಟು ಬಂದಿದ್ದ. ಗುಂಡಿಗಳು ಉದುರಿದ್ದವು.

ನಾನು ಸಹ್ವೀರಾ, ನನಗೆ ಬಾಯಿಯ ಅಧಿಕಾರವಿದೆ. “ಏನಯ್ಯಾ ತಪೇರಾ, ಈ ಕೋಟಿನ ಗುಂಡಿಗಳು ನಾಚಿಕೆ ತಡೀಲಾರದೆ ಓಡಿಹೋದ್ವಾ?” ಎಂದೆ. ಗಂಡಿನ ಕಡೆಯವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು.

“ಮಾಯಿ ನ್ಯಾರಾಯಿ, ನಿಮ್ಮ ಬಾಯಿಗೆ ಬೀಗ ಮಾಡೋರು ಇನ್ನೂ ಹುಟ್ಟಿಲ್ಲ,” ಎಂದು ಅವನೂ ಹಲ್ಲುಬಿಟ್ಟ. ನಾಚಿಕೆ ಇದ್ದಿದ್ದರೆ ತಾನೆ ತಾಗುವುದು!

ಬೆಳಗ್ಗೆಯಿಂದ ಹೊಗೆಯಲ್ಲಿ ಬೆಂದು ಅಡುಗೆ ಮಾಡಿದವಳು ಮುಚನೇತಾ. ಕೋಳಿಯ ಕಂದನಕಾಯಿ ಮನೆಯ ಯಜಮಾನನಿಗೆ ಸಲ್ಲಬೇಕಾದದ್ದು. ಅದನ್ನು ಅವಳು ತಪೇರಾನ ತಟ್ಟೆಗೆ, ಮೊಣಕಾಲೂರಿ, ಎರಡೂ ಕೈಯಲ್ಲಿ ಇಟ್ಟಳು. ಅವನು ಅದನ್ನು ಕಟಕಟ ಅಗಿಯುವ ಸದ್ದು ಕೇಳಿ ನಾನು ಎದ್ದು ಹೊರಗೆ ಹೋದೆ. ನನ್ನ ಪಾಲಿನ ಮುದ್ದೆ ಹಾಗೇ ತಣ್ಣಗಾಯಿತು. ತಾಯಿಗೆ ಸಲ್ಲುವ ಹಸು ರವಿರೋಳ ಸತ್ತ ತಾಯಿಯ ತವರಿಗೆ ಹೋಯಿತು. ಅವರೂ ಆವತ್ತೇ ಮೊದಲ ಸಲ ಆ ಕಡೆ ತಲೆಹಾಕಿದವರು.

“ತಪೇರಾನ ಕುತ್ತಿಗೆ ಹಿಡಿದು ದಬ್ಬಬೇಕಾಗಿತ್ತು,” ಎಂದೆ, ಪಾತ್ರೆ ತಿಕ್ಕುವಾಗ.

“ದಬ್ಬಿದ್ರೆ ಹುಡುಗಿ ಮದುವೆ ನಿಲ್ತಿತ್ತು. ಅವನು ಕೂರದೆ ದನ ಯಾರೂ ಕೊಡಲ್ಲ. ತಿನ್ಲಿ ಬಿಡೇ. ಅವನ ಹಲ್ಲು ಸಡಿಲ, ಕಂದನಕಾಯಿ ಬೇಕಂತಲೇ ಅರ್ಧ ಬೇಯಿಸಿದ್ದೆ.”

ಅಷ್ಟಕ್ಕೆ ಮುಗಿಯಲಿಲ್ಲ. ರವಿರೋ ಚೊಚ್ಚಲ ಕೂಸು ತಂದು ತೋರಿಸಿದಾಗ ಕೂಸಿಗೆ ಜ್ವರ ಬಂತು. ಎಲ್ಲ ಕೂಸಿಗೂ ಬರುವ ಜ್ವರ. ಕೆರೇಸಿಯಾ ಚರ್ಚಿಗೂ ಹೇಳದೆ ಗುಡ್ಡದಾಚೆಯ ಕಣಿ ಹೇಳುವವನ ಬಳಿ ಹೋಗಿ ಬಂದಳು. ಬಂದವಳೇ, “ಬಂಜೆ ಕಣ್ಣು ಬಿದ್ದಿದೆ. ಬದುಕಿರುವಾಗಲೇ ಹಿಂಗೆ ಹಿಂಡ್ತಾಳೆ, ಸತ್ತ ಮೇಲೆ ಇನ್ನೆಷ್ಟು ಮಕ್ಕಳ ರಕ್ತ ಕುಡೀತಾಳೋ,” ಎಂದು ಸಾರಿದಳು. ಜ್ವರ ಎರಡು ದಿನಕ್ಕೆ ಬಿಟ್ಟಿತು. ಮಾತು ಬಿಡಲಿಲ್ಲ. ರವಿರೋಳ ಅತ್ತೆಯ ಕಿವಿಗೂ ಹೋಯಿತು. ಅವರು ಒಂದಿಡೀ ವರ್ಷ ಹುಡುಗಿಯನ್ನು ಈ ಕಡೆ ಕಳಿಸಲಿಲ್ಲ. ಆ ವರ್ಷ ಮುಚನೇತಾ ನಶ್ಯವನ್ನೂ ಮರೆತು ಹೊಸ್ತಿಲ ಮೇಲೆ ಕೂತಿರುತ್ತಿದ್ದಳು, ಬಸ್ಸಿನ ಸದ್ದಾದರೆ ಕತ್ತು ಚಾಚುತ್ತ. ಅವಳು ಮೆತ್ತಗಾದದ್ದನ್ನು ನಾನು ಕಂಡದ್ದು ಆಗ ಮಾತ್ರ.

ಕಳೆದ ಬೇಸಿಗೆಯ ಹಿಂದಿನ ಬೇಸಿಗೆಯಲ್ಲಿ ಅವಳ ಹೊಟ್ಟೆ ಊದಿಕೊಂಡಿತು, ಕಾಲು ಕಂಬವಾಯಿತು. ಆಸ್ಪತ್ರೆಯವರು ನೋಡಿ, ಮನೆಗೆ ಕರೆದುಕೊಂಡು ಹೋಗಿ ಎಂದರು. ಅದೇ ಅಡುಗೆಮನೆಯಲ್ಲಿ ಚಾಪೆ ಹಾಸಿದೆವು. ಅವಳು ಸಾಕಿದ ಮಕ್ಕಳು ಒಬ್ಬೊಬ್ಬರೇ ದೂರದಿಂದ ಬಂದರು, ರವಿರೋ ಮಕ್ಕಳನ್ನೂ ಕಟ್ಟಿಕೊಂಡು ಬಂದಳು. ನದಿ ದಡದ ಆ ಮುಚ್ಚಿದ ಬಾಗಿಲುಗಳವರೂ ಬಂದರು, ಹೊಗಳಿದರು, ಕೊಟ್ಟ ಚಹಾ ಕುಡಿದರು, ಸಕ್ಕರೆ ಕಡಿಮೆಯಾಯಿತು ಎಂದರು. ಕೆರೇಸಿಯಾ ಬಿಳಿ ಟೋಪಿಯ ಹೆಂಗಸರನ್ನು ಕರೆತಂದು, ರೋಗಿಯ ತಲೆ ಮುಟ್ಟಿ, ಕಣ್ಣಲ್ಲಿ ನೀರು ತಂದುಕೊಂಡು ಪ್ರಾರ್ಥನೆ ಮಾಡಿದಳು. ಪ್ರಾರ್ಥನೆ ಮುಗಿಸಿ ಅಂಗಳಕ್ಕೆ ಇಳಿದವಳು ತಪೇರಾನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

“ಕಣಜದ ಹತ್ರ ಬೋನು ಇಡು. ಆ ಹೊತ್ತಿಗೆ ಇಲಿಗೆ ಪರದಾಡೋದು ಬೇಡ.”

ಒಳಗೆ ಮನುಷ್ಯಳು ಉಸಿರಾಡುತ್ತಿದ್ದಾಳೆ, ಹೊರಗೆ ಇಲಿಗೆ ಬೋನು. ನಾನು ಹಾರೆಯಂತೆ ಎದ್ದು ನಿಂತೆ.

“ಏನಂದ್ರಿ ತೇತೆ? ಇನ್ನೊಂದ್ಸಲ ಅನ್ನಿ, ಊರೆಲ್ಲ ಕೇಳ್ಲಿ!”

“ಪದ್ಧತಿ ಪದ್ಧತಿನೇ ಮಾಯಿ ನ್ಯಾರಾಯಿ. ಇವಳು ಹೆತ್ತಿದ್ದಾಳಾ?”

“ನಿಮ್ಮ ಮೊಮ್ಮಕ್ಕಳ ಹೊಟ್ಟೇಲಿ ಯಾರ ಗಂಜಿ ಇದೆ ಕೇಳ್ಕೊಳ್ಳಿ! ಹೆಣಕ್ಕೆ ನೀರು ಹಾಕೋಳು ನಾನು. ನನ್ನ ಕೈ ದಾಟಿ ಒಂದು ಇಲಿ ಬಾಲಾನೂ ಒಳಗೆ ಹೋಗಲ್ಲ.”

“ಹೋಗದಿದ್ರೆ ಬೇಡ. ನಾಳೆ ರವಿರೋ ಮಗು ಕೆಮ್ಮಿದ್ರೆ ಯಾರು ಕೆಮ್ಮಿಸ್ತಿದಾರೆ ಅಂತ ಅವಳ ಅತ್ತೆ ಮನೆಗೆ ನಾನೇ ಹೋಗಿ ಹೇಳ್ತೀನಿ. ನಮ್ಮ ಮಕ್ಕಳ ಜೀವ ಮುಖ್ಯ.” ಟೋಪಿ ಸರಿಮಾಡಿಕೊಂಡು ಹೋದಳು. ತಪೇರಾ ನೆಲ ನೋಡುತ್ತಿದ್ದ. ಸಂಜೆಗೆ ಅವನ ಕಣಜದಡಿ ಬೋನು ಇತ್ತು.

ಅದನ್ನು ನಾನು ಕಾಲಲ್ಲಿ ಒದ್ದು ಮುರಿದೆ. ನನಗೆ ಇಲಿ ಎಂದರೆ ಚಿಕ್ಕಂದಿನಿಂದ ಅಸಹ್ಯ. ಬಾಲ ಕಂಡರೆ ಊಟ ಬಿಡುವವಳು ನಾನು. ಮರುದಿನ ಮಧ್ಯಾಹ್ನ ಹುಡುಗಿಯರೆಲ್ಲ ನೀರಿಗೆ ಹೋಗಿದ್ದರು, ಅವಳ ಬಳಿ ನಾನೊಬ್ಬಳೇ ಇದ್ದೆ. ಬಿಸಿನೀರಿನ ಬಟ್ಟೆಯಿಂದ ಅವಳ ಬೆನ್ನು ಒರೆಸುತ್ತಿದ್ದೆ. ಎಷ್ಟು ಮಕ್ಕಳನ್ನು ಹೊತ್ತ ಬೆನ್ನೋ, ಕಟ್ಟಿದ ಬಟ್ಟೆಯ ಗುರುತು ಭುಜದ ಮೇಲೆ ದಾರಿಯ ಹಾಗೆ ಬಿದ್ದಿತ್ತು.

“ಬೋನು ಮುರಿದ್ಯಂತೆ,” ಎಂದಳು.

“ಯಾರು ಹೇಳಿದ್ದು ನಿನಗೆ?”

“ಕಿವಿ ಊದಿಲ್ಲ ಕಣೇ, ಹೊಟ್ಟೆ ಊದಿರೋದು.” ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. “ಸಹ್ವೀರಾ, ಕಟ್ಟಿಬಿಡು.”

“ಏನು ಕಟ್ಲಿ?”

“ಗೊತ್ತಿಲ್ದೋಳ ಥರ ಆಡ್ಬೇಡ. ಕಟ್ಟಿಬಿಡು. ಕಟ್ಟದಿದ್ರೆ ಆ ಹೆಂಗಸು ಸುಮ್ನಿರಲ್ಲ. ಕೂಸು ಸೀನಿದ್ರೆ ನನ್ನ ಹೆಸರು, ಹಸು ಕಂದು ಹಾಕಿದ್ರೆ ನನ್ನ ಹೆಸರು. ರವಿರೋನ ಅವಳ ಅತ್ತೆ ಮತ್ತೆ ಹೊರಗೆ ಹಾಕ್ತಾಳೆ. ಮಿಕ್ಕ ಹುಡುಗೀರ ಗತಿನೂ ಅಷ್ಟೇ. ಕಟ್ಟಿದ್ರೆ ಅವಳ ಬಾಯಿ ಕಟ್ಟಿದ ಹಾಗೆ. ಇನ್ನೇನಂತಾಳೆ? ಪದ್ಧತಿ ಆಯ್ತಲ್ಲ.”

“ಹೇಸಿಗೆ ಕಣೇ! ಇಡೀ ಊರನ್ನ ತೊಳೆದ ನಿನ್ನ ಬೆನ್ನಿಗೆ...”

“ಹೇಸಿಗೇನೇ. ನಾನೇನು ಚೆನ್ನಾಗಿದೆ ಅಂದ್ನಾ? ಅದಕ್ಕೇ ಕೆರೇಸಿಯಾ ಕೈಯಲ್ಲಿ ಬೇಡ ಅಂತಿರೋದು. ಅವಳು ಹುಡುಗೀರ ಕಣ್ಣೆದುರಿಗೇ ಎತ್ತಿ ತೋರಿಸಿ ಕಟ್ತಾಳೆ. ನೀನು ಕಟ್ಟು. ಅವರನ್ನ ಒಳಗೆ ಬಿಡೋಕೆ ಮುಂಚೆ, ಒಳಬಟ್ಟೆ ಅಡಿಯಲ್ಲಿ. ಆಮೇಲೆ ಬಟ್ಟೆ ಬಿಗಿಯಾಗಿ ಸುತ್ತು. ಕೆರೇಸಿಯಾಗೆ ಮುಟ್ಟಿ ನೋಡೋಕೆ ಬಿಡು, ಸಾಕು.”

ನಾನು ಅಳುತ್ತಿದ್ದೆನೋ ಬೈಯುತ್ತಿದ್ದೆನೋ ತಿಳಿಯದು. ಬಟ್ಟೆ ಹಿಂಡುವ ನೆಪದಲ್ಲಿ ಮುಖ ತಿರುಗಿಸಿದೆ. “ನನ್ನ ಕೈಲಾಗಲ್ಲ. ಇಲಿ ಮುಟ್ಟೋಕಾಗಲ್ಲ ನನಗೆ, ನಿನಗೇ ಗೊತ್ತು.”

“ಗೊತ್ತು. ಬೂದಿ ಹಚ್ಕೊಂಡು ಹಿಡಿ, ಜಾರಲ್ಲ.” ಕಣ್ಣು ಮುಚ್ಚಿದಳು. ನಿದ್ದೆ ಹೋದಳೆಂದುಕೊಂಡೆ. ಅಂಗಳದಲ್ಲಿ ರವಿರೋಳ ಹುಡುಗರು ಹೊಲದಿಂದ ಹಿಡಿದು ತಂದಿದ್ದ ಇಲಿಗಳನ್ನು ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಡುತ್ತ ಕಿತ್ತಾಡುತ್ತಿದ್ದರು. ಆ ಸದ್ದಿಗೆ ಅವಳು ಮತ್ತೆ ಕಣ್ಣು ಬಿಟ್ಟಳು, ನನ್ನ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

“ಕೇಳು, ಹೊಲದ ಇಲಿ ತಗೋಬೇಡ. ಅದು ಮಕ್ಕಳು ತಿನ್ನೋದು, ಮಣ್ಣಿಗೆ ಹಾಕಿ ದಂಡ ಮಾಡ್ಬೇಡ. ತಪೇರಾ ಕಣಜದ ಇಲೀನೇ ಹಿಡಿ.”